ಯಾರದೋ ಹಿತ್ತಲ ಬಳ್ಳಿ

(ಗುಡ್ಡಸೀಮೆಯ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ಇಲ್ಲಿರುವ ಎಲ್ಲರೂ ಬಲ್ಲರು. ಮನೆಯ ಹಿಂದೆಯೇ ಬೆಳೆದ ಗಿಡದ ಬೆಲೆ ಮನೆಯವರಿಗೆ ತಿಳಿಯದು ಎಂಬುದು ಅದರ ಇಂಗಿತ. ಆದರೆ ಹಿತ್ತಲ ಗಿಡವೇ ಮದ್ದೆಂದು ತಲೆತಲಾಂತರದಿಂದ ಅರಿತು, ನೆಟ್ಟು, ಪೂಜ್ಯಭಾವದಿಂದ ಕಾಪಾಡಿಕೊಂಡು ಬಂದ ಜನರೂ ಲೋಕದಲ್ಲಿದ್ದಾರೆ. ಅಂಥವರ ಹಿತ್ತಲಿನ ಬಳ್ಳಿಯನ್ನು ದೂರದೇಶದವನೊಬ್ಬ ತನ್ನ ಶೋಧವೆಂದು ಸರ್ಕಾರಿ ದಾಖಲೆಯಲ್ಲಿ ಬರೆಸಿಕೊಂಡರೆ ಏನಾಗುತ್ತದೆ?

1986ರ ಜೂನ್ 17ರಂದು ಅಮೆರಿಕದ ಪೇಟೆಂಟ್ ಕಚೇರಿಯು ಲೋರೆನ್ ಮಿಲ್ಲರ್ ಎಂಬ ಆ ದೇಶದ ಪ್ರಜೆಗೆ 5,751ನೆಯ ಸಂಖ್ಯೆಯ ಸಸ್ಯ ಪೇಟೆಂಟನ್ನು ನೀಡಿತು. ‘ಡಾ ವೈನ್’ ಎಂದು ಆತ ಹೆಸರಿಟ್ಟ ಆ ಬಳ್ಳಿಯು ದಕ್ಷಿಣ ಅಮೆರಿಕದ ಅಮೆಜಾನ್ ಮಳೆಕಾಡಿನ ಒಂದು ಮನೆಯ ತೋಟದಲ್ಲಿ ಬೆಳೆಯುತ್ತಿತ್ತೆಂದು ಅದರ ವಿವರಣೆಯಲ್ಲಿ ಬರೆಯಲಾಗಿದೆ. ಆ ತೋಟ ಯಾರದೆಂದು ಬರೆದಿಲ್ಲ. ಅಮೆರಿಕದ ಕಾನೂನಿನಂತೆ ಕಾಡಿನಲ್ಲಿ ತಾನಾಗಿ ಬೆಳೆದ ಗಿಡಕ್ಕೆ ಸಸ್ಯ ಪೇಟೆಂಟು ದೊರೆಯದು. ಗಿಡವು ಸಾಗುವಳಿಯಲ್ಲಿ ಕಂಡುಬಂದಿರಬೇಕು. ಹೀಗಾಗಿ ಆ ಹಿತ್ತಲು ಪೇಟೆಂಟಿಗೆ ಬೇಕಾಗಿತ್ತು. ಹಿತ್ತಲಿನ ಒಡೆಯ ಬೇಕಾಗಿರಲಿಲ್ಲ. ನೆಟ್ಟು ನೀರೆರೆದ ಕೈಯೇ ಮತ್ತೊಬ್ಬನ ಹಕ್ಕಿಗೆ ಆಧಾರವಾಯಿತು.

ಇಂದಿನ ಮಾತು ಆ ಬಳ್ಳಿಯ ಕುರಿತು, ಅದನ್ನು ಮದ್ದಾಗಿ ಬಲ್ಲ ಜನರ ಕುರಿತು.

ಬಳ್ಳಿಯ ಪರಿಚಯ

ಪಶ್ಚಿಮ ಅಮೆಜಾನಿನ ಪೆರು, ಈಕ್ವೆಡಾರ್, ಕೊಲಂಬಿಯಾ, ಬ್ರೆಜಿಲ್ ಮತ್ತು ಬೊಲಿವಿಯಾ ದೇಶಗಳ ಕಾಡುಗಳಲ್ಲಿ ಈ ಬಳ್ಳಿ ಬೆಳೆಯುತ್ತದೆ. ಕೆಚುವಾ ಭಾಷೆಯಲ್ಲಿ ಇದರ ಹೆಸರು ‘ಆಯಾವಾಸ್ಕ’. ‘ಆಯಾ’ ಎಂದರೆ ಗತಿಸಿದವರು, ಆತ್ಮ. ‘ವಾಸ್ಕ’ ಎಂದರೆ ಹಗ್ಗ ಅಥವಾ ಬಳ್ಳಿ. ಗತಿಸಿದ ಹಿರಿಯರ ಬಳಿಗೆ ಒಯ್ಯುವ ಬಳ್ಳಿ ಎಂದು ಅರ್ಥ ಮಾಡಿಕೊಳ್ಳಬಹುದು. ದಕ್ಷಿಣ ಕೊಲಂಬಿಯಾದವರು ಇದನ್ನು ‘ಯಾಹೆ’ ಎನ್ನುತ್ತಾರೆ, ಶುವಾರ್ ಜನರು ‘ನಾತೆಮ್’ ಎನ್ನುತ್ತಾರೆ, ಟುಕಾನೊ ಜನರು ‘ಕಾಪಿ’ ಎನ್ನುತ್ತಾರೆ. ಸಸ್ಯಶಾಸ್ತ್ರಜ್ಞರು ಟುಕಾನೊ ಹೆಸರನ್ನೇ ಉಳಿಸಿಕೊಂಡು ಬ್ಯಾನಿಸ್ಟೀರಿಯಾಪ್ಸಿಸ್ ಕಾಪಿ ಎಂದು ಕರೆದರು. ಮಲೆನಾಡಿನ ಕಾಪಿಗೂ ಈ ಹೆಸರಿಗೂ ಸಂಬಂಧವಿಲ್ಲ.

ಸಂಬಂಧವಿರುವುದು ಬೇರೆಡೆ. ಈ ಬಳ್ಳಿಯು ಮಾಲ್ಪೀಗಿಯೇಸಿ ಎಂಬ ಸಸ್ಯಕುಟುಂಬಕ್ಕೆ ಸೇರಿದೆ. ಕವಿಗಳು ಕೊಂಡಾಡಿದ, ಪಶ್ಚಿಮಘಟ್ಟದ ಕಾಡಂಚಿನಲ್ಲಿ ಹಬ್ಬುವ ಮಾಧವಿ ಬಳ್ಳಿಯೂ ಅದೇ ಕುಟುಂಬದ್ದು. ಮಾಧವಿಯ ಕಾಯಿಗೆ ಮೂರು ರೆಕ್ಕೆಗಳಿರುವುದನ್ನು ವಿದ್ಯಾರ್ಥಿಗಳು ಗಮನಿಸಿರಬಹುದು. ಅಮೆಜಾನಿನ ಈ ಬಳ್ಳಿಯ ಬೀಜಕ್ಕೂ ರೆಕ್ಕೆಯುಂಟು. ಗಾಳಿಯೇ ಅದನ್ನು ಒಯ್ಯುತ್ತದೆ. ಬಳ್ಳಿ ಮರವನ್ನೇರಿ 30 ಮೀಟರಿನಷ್ಟು ಎತ್ತರಕ್ಕೂ ಹೋಗಿ, ಮರದ ನೆತ್ತಿಯಲ್ಲಿ ಬಿಸಿಲು ಸಿಕ್ಕಿದಾಗ ತಿಳಿಗೆಂಪು ಹೂ ಬಿಡುತ್ತದೆ. ಜನರು ಬೀಜಕ್ಕೆ ಕಾಯುವುದಿಲ್ಲ. ಕಾಂಡದ ತುಂಡನ್ನು ನೆಟ್ಟು ಬೆಳೆಸುತ್ತಾರೆ. ಕೊಯ್ಲಿಗೆ ಯೋಗ್ಯವಾಗಲು ನಾಲ್ಕೈದು ವರ್ಷಗಳಾದರೂ ಬೇಕು.

ಸಸ್ಯಶಾಸ್ತ್ರಕ್ಕೆ ಇದು ಒಂದೇ ಪ್ರಭೇದ. ಬೆಳೆಯುವವರಿಗೆ ಮಾತ್ರ ಹಲವು. ಪೆರುವಿನ ವೈದ್ಯರು ‘ಆಕಾಶ’ ಬಳ್ಳಿ, ‘ಗುಡುಗು’ ಬಳ್ಳಿ ಎಂದು ಬೇರ್ಪಡಿಸುತ್ತಾರೆ. ಬ್ರೆಜಿಲ್‌ನಲ್ಲಿ ಗಂಟುಗಂಟಾದ ಕಾಂಡದ ಬಳ್ಳಿಗೊಂದು ಹೆಸರು, ನುಣುಪಾದದ್ದಕ್ಕೆ ಇನ್ನೊಂದು. ಒಂದೊಂದು ಬಗೆಗೂ ಒಂದೊಂದು ಗುಣವೆನ್ನುತ್ತಾರೆ. ಇದರಲ್ಲಿ ಆಶ್ಚರ್ಯವಿಲ್ಲ. ಪುಸ್ತಕಕ್ಕೆ ಒಂದೇ ಆದ ಮಾವಿನಲ್ಲಿ ಅಪ್ಪೆಮಿಡಿಯ ಎಷ್ಟು ಬಗೆಗಳನ್ನು ಮಲೆನಾಡಿನ ಹೆಂಗಸರು ವಾಸನೆಯಿಂದಲೇ ಹೇಳಬಲ್ಲರು ಎಂಬುದನ್ನು ನೆನೆದರೆ ಸಾಕು.

ಬಳ್ಳಿ ಮತ್ತು ಎಲೆಯ ಕೂಟ

ಬಳ್ಳಿಯನ್ನು ಸಾಮಾನ್ಯವಾಗಿ ಒಂಟಿಯಾಗಿ ಬಳಸುವುದಿಲ್ಲ. ಜಜ್ಜಿದ ಕಾಂಡದೊಂದಿಗೆ ‘ಚಕ್ರುನ’ ಎಂಬ ಪೊದೆಯ ಎಲೆಗಳನ್ನು ಸೇರಿಸಿ ಗಂಟೆಗಟ್ಟಲೆ ಕುದಿಸಿ ಕಷಾಯ ಮಾಡುವುದು ಅನೇಕ ಜನಾಂಗಗಳ ಪದ್ಧತಿ. ಚಕ್ರುನವು ಕಾಫಿಯದೇ ಕುಟುಂಬವಾದ ರೂಬಿಯೇಸಿಗೆ ಸೇರಿದ ಸೈಕೋಟ್ರಿಯಾ ವಿರಿಡಿಸ್. ಕೊಲಂಬಿಯಾ, ಈಕ್ವೆಡಾರ್‌ಗಳ ಕೆಲವೆಡೆ ಈ ಪೊದೆಯ ಬದಲು ಇನ್ನೊಂದು ಬಳ್ಳಿಯ ಎಲೆ ಸೇರುತ್ತದೆ.

ಈ ಎಲೆಗಳಲ್ಲಿ ಡಿ.ಎಂ.ಟಿ. ಎಂಬ, ಮನಸ್ಸಿಗೆ ದೃಶ್ಯಗಳನ್ನು ತೋರಿಸುವ ರಾಸಾಯನಿಕವಿದೆ. ಆದರೆ ಎಲೆಯನ್ನಷ್ಟೇ ಸೇವಿಸಿದರೆ ಏನೂ ಆಗುವುದಿಲ್ಲ. ಕರುಳು ಮತ್ತು ಯಕೃತ್ತಿನಲ್ಲಿರುವ ಮಾನೊಅಮೈನ್ ಆಕ್ಸಿಡೇಸ್ ಎಂಬ ಕಿಣ್ವವು ಅದನ್ನು ಒಡೆದುಹಾಕುತ್ತದೆ. ಬಳ್ಳಿಯಲ್ಲಿರುವ ಹಾರ್ಮಿನ್, ಹಾರ್ಮಲಿನ್ ಮುಂತಾದ ಕ್ಷಾರಗಳು ಆ ಕಿಣ್ವವನ್ನು ಕೆಲಕಾಲ ತಡೆಯುತ್ತವೆ. ಆಗ ಎಲೆಯ ಸತ್ವ ರಕ್ತಕ್ಕೆ ಸೇರಿ ಮಿದುಳನ್ನು ತಲುಪುತ್ತದೆ. ಸಾವಿರಾರು ಸಸ್ಯಪ್ರಭೇದಗಳಿರುವ ಕಾಡಿನಲ್ಲಿ ಇವೆರಡರ ಕೂಟವನ್ನು ಗುರುತಿಸಿದವರ ಬಳಿ ಪ್ರಯೋಗಶಾಲೆಯಿರಲಿಲ್ಲ. ಹೇಗೆ ತಿಳಿಯಿತೆಂದು ಕೇಳಿದರೆ, ಗಿಡಗಳೇ ಕಲಿಸಿದವು ಎಂಬುದು ಅಲ್ಲಿನ ವೈದ್ಯರ ಉತ್ತರ. ಇಂಥ ಸಸ್ಯಗಳನ್ನು ಅವರು ಗುರುಗಳೆಂದೇ ಕರೆಯುತ್ತಾರೆ.

ಇಲ್ಲೊಂದು ಭಿನ್ನಾಭಿಪ್ರಾಯವನ್ನು ಗಮನಿಸಬೇಕು. ರಸಾಯನಶಾಸ್ತ್ರದ ದೃಷ್ಟಿಯಲ್ಲಿ ಎಲೆ ಮುಖ್ಯ, ಬಳ್ಳಿ ಸಹಾಯಕ. ವೈದ್ಯರ ದೃಷ್ಟಿಯಲ್ಲಿ ಬಳ್ಳಿಯೇ ಗುರು, ಎಲೆ ಅದಕ್ಕೆ ಬೆಳಕು ಹಿಡಿಯುವಂಥದು. ಕಷಾಯಕ್ಕೆ ಬಳ್ಳಿಯ ಹೆಸರೇ ಇರುವುದು ಆ ಕಾರಣದಿಂದ. ಬಳ್ಳಿಯೊಂದನ್ನೇ ಬಳಸುವ ಪದ್ಧತಿಗಳೂ ಇವೆ.

ಈ ಜ್ಞಾನ ಎಷ್ಟು ಹಳೆಯದು? ಬೊಲಿವಿಯಾದ ಎತ್ತರದ ಮಲೆಯ ಗುಹೆಯೊಂದರಲ್ಲಿ ನರಿಗಳ ಮೂತಿಯ ಚರ್ಮದಿಂದ ಹೊಲಿದ, ಸುಮಾರು 1,000 ವರ್ಷ ಹಳೆಯ ಚೀಲ ಸಿಕ್ಕಿತು. ಅದರಲ್ಲಿ ಹಾರ್ಮಿನ್ ಮತ್ತು ಡಿ.ಎಂ.ಟಿ. ಎರಡರ ಕುರುಹೂ ಇದ್ದವೆಂದು 2019ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಎರಡನ್ನೂ ಕೂಡಿಸಿ ಕುದಿಸುತ್ತಿದ್ದರೆಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೆ ಈ ಸಸ್ಯಗಳು ಆ ಎತ್ತರದಲ್ಲಿ ಬೆಳೆಯುವಂಥವಲ್ಲ. ಮದ್ದುಗಳು ದೂರದ ಕಾಡಿನಿಂದ ಬೆಟ್ಟವೇರಿ ಬರುತ್ತಿದ್ದವೆಂಬುದಂತೂ ಸ್ಪಷ್ಟ.

ಇರುಳಿನ ಚಿಕಿತ್ಸೆ

ಪೆರುವಿನ ಉಕಯಾಲಿ ನದಿಯ ದಡದಲ್ಲಿ ಶಿಪಿಬೊ ಜನರು ವಾಸಿಸುತ್ತಾರೆ. ಅವರ ವೈದ್ಯನಿಗೆ ‘ಒನಾನ್ಯ’, ಅಂದರೆ ‘ಬಲ್ಲವ’ ಎಂದು ಹೆಸರು. ಬಲ್ಲವನಾಗುವುದು ಸುಲಭವಲ್ಲ. ಕಲಿಯುವವನು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಪಥ್ಯದಲ್ಲಿರಬೇಕು. ಉಪ್ಪಿಲ್ಲ, ಸಿಹಿಯಿಲ್ಲ, ಸ್ತ್ರೀಪುರುಷ ಸಂಗವಿಲ್ಲ. ಬೇಯಿಸಿದ ಬಾಳೆಕಾಯಿ ಮತ್ತು ಸಪ್ಪೆ ಮೀನು ಆಹಾರ. ಊರಿನಿಂದ ದೂರವಿದ್ದು ಒಂದೊಂದೇ ಸಸ್ಯವನ್ನು ಸೇವಿಸಿ, ಅದು ಕೊಡುವ ಹಾಡಿಗೆ ಕಾಯಬೇಕು. ಈ ಹಾಡುಗಳನ್ನು ಪೆರುವಿನಲ್ಲಿ ‘ಇಕಾರೊ’ ಎನ್ನುತ್ತಾರೆ. ವೈದ್ಯನ ಸಂಪತ್ತೆಂದರೆ ಅವನು ಗಳಿಸಿದ ಹಾಡುಗಳು.

ಚಿಕಿತ್ಸೆ ನಡೆಯುವುದು ಇರುಳಿನಲ್ಲಿ, ದೀಪವಾರಿಸಿ. ವೈದ್ಯನು ಕಷಾಯದ ಬಟ್ಟಲಿಗೆ ಕಾಡುಹೊಗೆಸೊಪ್ಪಿನ ಹೊಗೆಯೂದಿ, ಮೆಲುದನಿಯಲ್ಲಿ ಹಾಡಿ, ಅನಂತರ ಕುಡಿಯುತ್ತಾನೆ. ಹಿಂದೆ ಅನೇಕ ಕಡೆ ಕುಡಿಯುತ್ತಿದ್ದವನು ವೈದ್ಯನೇ ಹೊರತು ರೋಗಿಯಲ್ಲ. ರೋಗಿ ಪಕ್ಕದಲ್ಲಿ ಮಲಗಿರುತ್ತಿದ್ದ, ಮನೆಯವರು ಸುತ್ತ ಕುಳಿತಿರುತ್ತಿದ್ದರು. ವೈದ್ಯನು ಕಾಣುವ ದೃಶ್ಯಗಳು ಮನರಂಜನೆಗಲ್ಲ, ನಿದಾನಕ್ಕೆ. ಈ ಕಾಯಿಲೆಯ ಬೇರೆಲ್ಲಿದೆ? ದೇಹದಲ್ಲೋ, ಹಠಾತ್ತನೆ ಕಂಡ ಭಯದಲ್ಲೋ, ನೆರೆಯವರ ಹಗೆಯಲ್ಲೋ, ಮುರಿದ ನಿಷೇಧದಲ್ಲೋ? ಅದನ್ನು ಕಂಡು, ಅದಕ್ಕೆ ತಕ್ಕ ಹಾಡನ್ನು ಹಾಡಿ, ಹೊಗೆಯೂದಿ, ನೋವಿರುವ ಜಾಗವನ್ನು ಬಾಯಿಂದ ಹೀರಿ ತೆಗೆಯುತ್ತಾನೆ. ಶಿಪಿಬೊ ಹೆಂಗಸರು ಬಟ್ಟೆಯ ಮೇಲೆ, ಮಡಕೆಯ ಮೇಲೆ ಬರೆಯುವ ‘ಕೆನೆ’ ಎಂಬ ಜಾಲದಂಥ ಚಿತ್ತಾರಕ್ಕೂ ಈ ಹಾಡುಗಳಿಗೂ ನಂಟಿದೆ; ಚಿಕಿತ್ಸೆಯೆಂದರೆ ರೋಗಿಯ ಮೈಮೇಲೆ ಕೆಟ್ಟುಹೋದ ಚಿತ್ತಾರವನ್ನು ಸರಿಪಡಿಸುವುದು ಎಂದು ಅವರು ವಿವರಿಸುತ್ತಾರೆ.

ಕಷಾಯ ಕುಡಿದವರಿಗೆ ವಾಂತಿ, ಭೇದಿಗಳಾಗುವುದು ಸಾಮಾನ್ಯ. ಅದನ್ನು ಅಡ್ಡಪರಿಣಾಮವೆಂದು ಅವರು ಎಣಿಸುವುದಿಲ್ಲ. ‘ಲಾ ಪುರ್ಗಾ’, ಅಂದರೆ ಶೋಧನೆ ಎಂಬುದು ಈ ಮದ್ದಿನ ಇನ್ನೊಂದು ಹೆಸರೇ ಆಗಿದೆ.

ಎಲ್ಲವನ್ನೂ ಹೊಗಳುವುದೂ ಸತ್ಯಕ್ಕೆ ಅಪಚಾರ. ಗುಣಪಡಿಸುವ ಶಕ್ತಿಯೇ ಕೇಡು ಮಾಡುವ ಶಕ್ತಿಯೂ ಹೌದೆಂದು ಆ ಜನರೇ ನಂಬುತ್ತಾರೆ. ಮಾಟದ ಆರೋಪ, ವೈದ್ಯರ ನಡುವಿನ ಹಗೆ, ಅದರಿಂದಾದ ಕೊಲೆಗಳು ಅಮೆಜಾನಿನ ಚರಿತ್ರೆಯಲ್ಲಿವೆ. ಬಳ್ಳಿಯ ಬಳಕೆಯೂ ಎಲ್ಲೆಡೆ ಒಂದೇ ಅಲ್ಲ. ಕೆಲವು ಜನರಲ್ಲಿ ಅದು ಚಿಕಿತ್ಸೆಗಿಂತ ಹೆಚ್ಚಾಗಿ ಹಬ್ಬದ ಕುಣಿತಕ್ಕೆ, ಪೂರ್ವಜರ ಸ್ಮರಣೆಗೆ ಸೇರಿದ್ದು. ಆದರೆ ಎಲ್ಲೆಡೆಗೂ ಸಮಾನವಾದ ಒಂದು ಸಂಗತಿಯಿದೆ. ಬಳ್ಳಿಯೊಂದೇ ಮದ್ದಲ್ಲ. ಬಳ್ಳಿ, ಎಲೆ, ಪಥ್ಯ, ಹಾಡು, ಇರುಳು, ಬಲ್ಲವನ ಹೊಣೆ, ಸುತ್ತ ಕುಳಿತ ಬಂಧುಗಳು, ಇವೆಲ್ಲ ಸೇರಿದ್ದು ಮದ್ದು.

ಸ್ಪ್ರೂಸ್ ಕಂಡ ಬಳ್ಳಿ

ಈ ಬಳ್ಳಿಗೆ ಮೊದಲು ಶಾಸ್ತ್ರೀಯ ಹೆಸರಿಟ್ಟವನು ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞ ರಿಚರ್ಡ್ ಸ್ಪ್ರೂಸ್. 1852ರಲ್ಲಿ ಬ್ರೆಜಿಲ್ಲಿನ ಉವಾಪೆಸ್ ನದಿಯ ದಡದಲ್ಲಿ ಟುಕಾನೊ ಜನರ ಹಬ್ಬವೊಂದಕ್ಕೆ ಅವನನ್ನು ಕರೆದಿದ್ದರು. ಕಾಪಿಯ ರುಚಿ ನೋಡಲು ಅವನು ಸಿದ್ಧನಾಗಿಯೇ ಹೋದ. ಸ್ವಲ್ಪ ಕುಡಿಯುವಷ್ಟರಲ್ಲಿ ಅತಿಥಿಸತ್ಕಾರದ ಭರದಲ್ಲಿ ಮರಗೆಣಸಿನ ಮದ್ಯ, ಬಲು ಉದ್ದನೆಯ ಚುಟ್ಟಾ, ತಾಳೆಯ ಹೆಂಡಗಳು ಒಂದರ ಹಿಂದೊಂದು ಬಂದವು. ಅವನ ಪ್ರಯೋಗ ಅಲ್ಲಿಗೇ ನಿಂತಿತು. ಕಾಂಡದ ತುಂಡುಗಳನ್ನು ಅವನು ಇಂಗ್ಲೆಂಡಿಗೆ ಕಳುಹಿಸಿದ. ಅವನ್ನು ಯಾರೂ ಪರೀಕ್ಷಿಸಲಿಲ್ಲ. ನೂರು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ ಅವನ್ನು ವಿಶ್ಲೇಷಿಸಿ 1969ರಲ್ಲಿ ಫಲಿತಾಂಶ ಪ್ರಕಟಿಸಿದಾಗ, ಒಣಗಿದ ಆ ತುಂಡುಗಳಲ್ಲಿ ಇನ್ನೂ ಕ್ಷಾರವಿದ್ದುದು ಕಂಡುಬಂತು.

ಇದೇ ಸ್ಪ್ರೂಸ್ ದಕ್ಷಿಣ ಭಾರತದ ಬೆಟ್ಟಗಳಿಗೂ ಪರೋಕ್ಷವಾಗಿ ಬಂದಿದ್ದಾನೆ. 1860ರಲ್ಲಿ ಬ್ರಿಟಿಷ್ ಸರ್ಕಾರದ ಪರವಾಗಿ ಈಕ್ವೆಡಾರಿನ ಪರ್ವತಗಳಲ್ಲಿ ಕೆಂಪು ತೊಗಟೆಯ ಸಿಂಕೋನಾದ ಬೀಜ ಮತ್ತು ಸಸಿಗಳನ್ನು ಸಂಗ್ರಹಿಸಿದವನು ಅವನು. ಅವು ನೀಲಗಿರಿಯ ಸಿಂಕೋನಾ ತೋಟಗಳಾದವು. ಮಲೇರಿಯಾಕ್ಕೆ ಕ್ವಿನೈನ್ ಆದವು. ಎಷ್ಟೋ ಜೀವಗಳು ಉಳಿದವು ನಿಜ. ಆದರೆ ಆ ಮರಗಳ ತಾಯ್ನೆಲದವರಿಗೆ ಅದರಿಂದ ಬಂದ ಪಾಲೆಷ್ಟು ಎಂಬ ಪ್ರಶ್ನೆಯನ್ನು ಅಂದು ಕೇಳುವವರಿರಲಿಲ್ಲ.

ಪೇಟೆಂಟಿನ ಹಾದಿ

ಕೇಳುವವರು ಹುಟ್ಟಿದ್ದು ನೂರಮೂವತ್ತು ವರ್ಷಗಳ ನಂತರ. ಅಮೆಜಾನ್ ಜಲಾನಯನದ ಒಂಬತ್ತು ನಾಡುಗಳ ಮೂಲನಿವಾಸಿ ಸಂಘಟನೆಗಳ ಒಕ್ಕೂಟವಾದ ‘ಕೊಯಿಕಾ’ಗೆ ಮಿಲ್ಲರನ ಪೇಟೆಂಟಿನ ವಿಷಯ ತಿಳಿದದ್ದು 1990ರ ದಶಕದ ಮಧ್ಯದಲ್ಲಿ, ಪೇಟೆಂಟು ಸಿಕ್ಕಿ ಸುಮಾರು ಒಂದು ದಶಕವಾದ ಮೇಲೆ. ಪೇಟೆಂಟಿನ ವ್ಯಾಪ್ತಿ ಅಮೆರಿಕದೊಳಗೆ ಮಾತ್ರವಾಗಿತ್ತು. ಅಮೆಜಾನಿನ ವೈದ್ಯರಿಗೆ ಬಳ್ಳಿ ಕಡಿಯಬೇಡಿರೆಂದು ಅದು ಹೇಳುತ್ತಿರಲಿಲ್ಲ. ಆದರೂ ಪವಿತ್ರವಾದುದನ್ನು ಒಬ್ಬನ ಸ್ವತ್ತೆಂದು ಬರೆದದ್ದೇ ಅವರಿಗೆ ಅಸಹ್ಯವಾಯಿತು. 1999ರ ಮಾರ್ಚಿನಲ್ಲಿ ಪರಿಸರ ವಕೀಲರ ನೆರವಿನಿಂದ ಮರುಪರಿಶೀಲನೆಗೆ ಅರ್ಜಿ ಹೋಯಿತು.

ಮಿಲ್ಲರನ ಬಳ್ಳಿಯ ಹೊಸತನವೆಂದು ಹೇಳಲಾದುದು ಏನು? ಹೂವಿನ ದಳ ಬಲಿತಂತೆ ಗುಲಾಬಿ ಬಣ್ಣದಿಂದ ಬಿಳಿಗೆ ತಿರುಗುತ್ತದೆ ಎಂಬುದು, ಎಲೆಯ ಆಕಾರ, ಇಂಥವು. 1999ರ ನವೆಂಬರಿನಲ್ಲಿ ಪೇಟೆಂಟ್ ಕಚೇರಿ ಅದನ್ನು ತಿರಸ್ಕರಿಸಿತು. ಅದು ಕೊಟ್ಟ ಕಾರಣವನ್ನು ವಿದ್ಯಾರ್ಥಿಗಳು ಮನಸ್ಸಿನಲ್ಲಿಡಬೇಕು. ಈ ಬಳ್ಳಿ ಹತ್ತಾರು ಜನಾಂಗಗಳಿಗೆ ಶತಮಾನಗಳಿಂದ ಗೊತ್ತು ಎಂಬುದು ಆ ಕಾರಣವಲ್ಲ. ಅದು ಅವರಿಗೆ ಪವಿತ್ರ ಎಂಬುದೂ ಅಲ್ಲ. ಶಿಕಾಗೋ ನಗರದ ಫೀಲ್ಡ್ ವಸ್ತುಸಂಗ್ರಹಾಲಯದಲ್ಲಿ, ಹಾಳೆಗೆ ಅಂಟಿಸಿದ ಇಂಥದೇ ಬಳ್ಳಿಯ ಒಣ ಮಾದರಿಗಳು ಅರ್ಜಿಗೆ ಮುಂಚೆಯೇ ಇದ್ದವು ಎಂಬುದು. ಬದುಕಿರುವ ಜನರ ಸಾಕ್ಷಿಗಿಂತ ಒಣಗಿದ ಎಲೆಯ ಸಾಕ್ಷಿ ಮೇಲಾಯಿತು.

ಆ ಸಾಕ್ಷಿಯೂ ನಿಲ್ಲಲಿಲ್ಲ. ತನ್ನ ಬಳ್ಳಿಗೂ ಹಾಳೆಯ ಮೇಲಿನ ಬಳ್ಳಿಗೂ ಎಲೆಯಲ್ಲಿ ವ್ಯತ್ಯಾಸವಿದೆಯೆಂದು ಮಿಲ್ಲರ್ ವಾದಿಸಿದ. ಮರುಪರಿಶೀಲನೆಯ ಆ ಹಂತದಲ್ಲಿ ಉತ್ತರಿಸಲು ಮೂಲನಿವಾಸಿಗಳಿಗೆ ಅವಕಾಶವಿರಲಿಲ್ಲ. 2001ರ ಜನವರಿಯಲ್ಲಿ ಪೇಟೆಂಟು ಮತ್ತೆ ಅವನಿಗೇ ದಕ್ಕಿತು. 2003ರ ಜೂನ್ 17ರಂದು ಅವಧಿ ಮುಗಿದು ತಾನಾಗಿ ಬಿದ್ದುಹೋಯಿತು.

ಅರಿಶಿನದ ವಿಷಯದಲ್ಲಿ ಭಾರತ ಗೆದ್ದದ್ದನ್ನು ಇದರೊಡನೆ ಹೋಲಿಸಬೇಕು. ಗಾಯಕ್ಕೆ ಅರಿಶಿನ ಹಚ್ಚುವುದರ ಮೇಲೆ 1995ರಲ್ಲಿ ಅಮೆರಿಕದಲ್ಲಿ ನೀಡಿದ್ದ ಪೇಟೆಂಟು 1997ರಲ್ಲಿ ರದ್ದಾಯಿತು. ಭಾರತದ ಬಳಿ ಅಚ್ಚಾದ ಗ್ರಂಥಗಳಿದ್ದವು, ಅವನ್ನು ಮುಂದಿಡುವ ವೈಜ್ಞಾನಿಕ ಸಂಸ್ಥೆಯಿತ್ತು. ಅಮೆಜಾನಿನ ವೈದ್ಯನ ಗ್ರಂಥ ಅವನ ಹಾಡು. ಹಾಡನ್ನು ಪೇಟೆಂಟ್ ಕಚೇರಿ ಓದಲಾರದು.

ಪ್ರವಾಸಿಗಳ ಬಳ್ಳಿ

ಪೇಟೆಂಟು ಮುಗಿದರೂ ಬಳ್ಳಿಯ ಸಂಕಟ ಮುಗಿಯಲಿಲ್ಲ. ಪೆರುವಿನ ಇಕ್ವಿಟೋಸ್ ಪಟ್ಟಣದ ಸುತ್ತ ವಿದೇಶೀಯರಿಗಾಗಿ ಆಯಾವಾಸ್ಕ ಕುಡಿಸುವ ವಿಶ್ರಾಂತಿಧಾಮಗಳು ತಲೆಯೆತ್ತಿವೆ. ಅಲ್ಲಿ ಕುಡಿಯುವವನು ವೈದ್ಯನಷ್ಟೇ ಅಲ್ಲ, ಬಂದ ಪ್ರತಿಯೊಬ್ಬ ಅತಿಥಿಯೂ. ಬಲಿತ ಕಾಡುಬಳ್ಳಿಗೆ ಬೇಡಿಕೆ ಹೆಚ್ಚಿ, ಕಡಿಯುವವರು ಒಳಗಾಡಿಗೆ ಹೋಗಬೇಕಾಗಿದೆ. ನಾಲ್ಕೈದು ವರ್ಷ ಕಾಯುವ ವ್ಯವಧಾನ ಮಾರುಕಟ್ಟೆಗಿಲ್ಲ. ವರ್ಷಗಟ್ಟಲೆ ಪಥ್ಯ ಮಾಡಿದವನ ಪಕ್ಕದಲ್ಲೇ, ಕೆಲವೇ ತಿಂಗಳಲ್ಲಿ ವೈದ್ಯನೆಂದು ಫಲಕ ಹಾಕಿದವನೂ ಕುಳಿತಿದ್ದಾನೆ.

ಇದನ್ನು ಮೊದಲು ಪ್ರತಿಭಟಿಸಿದವರು ವೈದ್ಯರೇ. 1999ರ ಜೂನ್‌ನಲ್ಲಿ ಕೊಲಂಬಿಯಾದ ಯುರಯಾಕೊ ಗ್ರಾಮದಲ್ಲಿ ಇಂಗಾ, ಕೊಫಾನ್, ಸಿಯೋನಾ ಮುಂತಾದ ಜನಾಂಗಗಳ ಯಾಹೆ ವೈದ್ಯರು ಸಭೆ ಸೇರಿ ತಮ್ಮದೇ ಒಕ್ಕೂಟ ಕಟ್ಟಿದರು, ಮುಂದೆ ತಮ್ಮ ವೃತ್ತಿಗೆ ನೀತಿಸಂಹಿತೆಯನ್ನೂ ಬರೆದುಕೊಂಡರು. 2008ರಲ್ಲಿ ಪೆರು ಸರ್ಕಾರವು ಅಮೆಜಾನಿನ ಮೂಲಜನರ ಆಯಾವಾಸ್ಕ ಜ್ಞಾನ ಮತ್ತು ಬಳಕೆಯನ್ನು ರಾಷ್ಟ್ರೀಯ ಸಾಂಸ್ಕೃತಿಕ ಪರಂಪರೆಯೆಂದು ಘೋಷಿಸಿತು. ಸಂಪ್ರದಾಯದ ಬಳಕೆ ಬೇರೆ, ಅದರಿಂದ ಕಿತ್ತು ತಂದ ವ್ಯಾಪಾರಿ ಬಳಕೆ ಬೇರೆ ಎಂದು ಆ ಘೋಷಣೆ ಸ್ಪಷ್ಟಪಡಿಸಿತು.

ಆಧುನಿಕ ವೈದ್ಯವೂ ಬಳ್ಳಿಯತ್ತ ನೋಡುತ್ತಿದೆ. ಬ್ರೆಜಿಲ್ಲಿನ ನತಾಲ್ ನಗರದ ಸಂಶೋಧಕರು, ಬೇರೆ ಔಷಧಗಳಿಗೆ ಬಗ್ಗದ ಖಿನ್ನತೆಯಿದ್ದ 29 ರೋಗಿಗಳಲ್ಲಿ ನಡೆಸಿದ ಪರೀಕ್ಷೆ 2019ರಲ್ಲಿ ಅಚ್ಚಾಯಿತು. ಏಳು ದಿನಗಳ ಬಳಿಕ, ಕಷಾಯ ಪಡೆದವರಲ್ಲಿ ಶೇಕಡ 64 ಮಂದಿಗೆ, ಹುಸಿಮದ್ದು ಪಡೆದವರಲ್ಲಿ ಶೇಕಡ 27 ಮಂದಿಗೆ ಗಣನೀಯ ಸುಧಾರಣೆ ಕಂಡಿತು. ಭರವಸೆಯ ಫಲಿತಾಂಶವೇ, ಆದರೆ 29 ಎಂಬುದು ಚಿಕ್ಕ ಸಂಖ್ಯೆ. ಅಪಾಯಗಳನ್ನೂ ವೈದ್ಯರು ಎಚ್ಚರಿಸುತ್ತಾರೆ. ಖಿನ್ನತೆಗೆ ಮಾತ್ರೆ ಸೇವಿಸುವವರು ಈ ಕಷಾಯ ಕುಡಿದರೆ ಪ್ರಾಣಾಪಾಯವಾದೀತು. ಹೃದ್ರೋಗಿಗಳಿಗೂ ಚಿತ್ತವಿಕಾರದ ಹಿನ್ನೆಲೆಯವರಿಗೂ ಅದು ಸಲ್ಲದು. ಭಾರತದಲ್ಲಿ 1985ರ ಮಾದಕ ದ್ರವ್ಯ ಕಾಯಿದೆಯಡಿ ಡಿ.ಎಂ.ಟಿ. ನಿಷಿದ್ಧ ಪಟ್ಟಿಯಲ್ಲಿದೆ. ಕುತೂಹಲಕ್ಕೆ ಕುಡಿಯುವ ವಸ್ತು ಇದಲ್ಲವೆಂದು ಅಮೆಜಾನಿನ ಹಿರಿಯರೂ ಹೇಳುತ್ತಾರೆ, ಕಾಯಿದೆಯೂ ಹೇಳುತ್ತದೆ.

ಕಾಡು ಹೋದರೆ ಈ ಚರ್ಚೆಗೆಲ್ಲ ಅರ್ಥವಿರದು. ಈಕ್ವೆಡಾರಿನಲ್ಲಿ ಕೊಫಾನ್ ಜನರ ನೆಲದಲ್ಲಿ 1967ರಲ್ಲಿ ತೈಲ ಚಿಮ್ಮಿತು. ಅನಂತರದ ದಶಕಗಳಲ್ಲಿ ಹೊಳೆಗಳು ತೈಲತ್ಯಾಜ್ಯದಿಂದ ಕೆಟ್ಟವು, ಕಾಡು ಹೋಳಾಯಿತು. ಬಳ್ಳಿಯ ತುಂಡನ್ನು ಬೇರೆಡೆ ನೆಡಬಹುದು. ಪಥ್ಯ ಮಾಡಲು ಬೇಕಾದ ಏಕಾಂತವನ್ನೂ ಶುದ್ಧ ಮೀನಿರುವ ಹೊಳೆಯನ್ನೂ ತುಂಡು ಮಾಡಿ ನೆಡಲಾಗದು.

ಹಿತ್ತಲಿನ ಒಡೆಯನ ಹೆಸರು

2024ರ ಮೇ 24ರಂದು ಜಿನೀವಾದಲ್ಲಿ ಒಂದು ಅಂತಾರಾಷ್ಟ್ರೀಯ ಒಪ್ಪಂದ ಅಂಗೀಕಾರವಾಯಿತು. ಜೈವಿಕ ಸಂಪತ್ತನ್ನೋ ಅದಕ್ಕಂಟಿದ ಸಾಂಪ್ರದಾಯಿಕ ಜ್ಞಾನವನ್ನೋ ಆಧರಿಸಿ ಪೇಟೆಂಟು ಕೇಳುವವನು ಅದು ಯಾವ ದೇಶದ್ದು, ಯಾವ ಜನರದ್ದು ಎಂದು ಅರ್ಜಿಯಲ್ಲಿ ತಿಳಿಸಬೇಕೆಂಬುದು ಅದರ ತಿರುಳು. 1986ರಲ್ಲಿ ಇಂಥ ನಿಯಮವಿದ್ದಿದ್ದರೆ ‘ಒಂದು ಮನೆಯ ತೋಟ’ ಎಂದಷ್ಟೇ ಬರೆದು ಮುಗಿಸಲಾಗುತ್ತಿರಲಿಲ್ಲ. ಒಪ್ಪಂದ ಜಾರಿಯಾಗಲು 15 ಸದಸ್ಯರ ಅನುಮೋದನೆ ಬೇಕು. ಆಮೇಲೂ ಅದು ಒಪ್ಪಿದ ದೇಶಗಳನ್ನಷ್ಟೇ ಕಟ್ಟುತ್ತದೆ.

ಗುಡ್ಡಸೀಮೆಯವರಿಗೆ ಇದರಲ್ಲಿ ಕೆಲಸವಿದೆ. ಭಾರತದ 2002ರ ಜೀವವೈವಿಧ್ಯ ಕಾಯಿದೆಯು ಗ್ರಾಮಮಟ್ಟದ ಜೀವವೈವಿಧ್ಯ ನಿರ್ವಹಣಾ ಸಮಿತಿಗಳಿಗೂ ಜನತಾ ಜೀವವೈವಿಧ್ಯ ದಾಖಲಾತಿಗೂ ದಾರಿ ಮಾಡಿದೆ. ದಾಖಲಿಸಲು ಹೋಗುವ ವಿದ್ಯಾರ್ಥಿಗಳು ಗಿಡದ ಹೆಸರನ್ನೂ ಉಪಯೋಗವನ್ನೂ ಬರೆದು ಹಿಂದಿರುಗಿದರೆ ಸಾಲದು. ಅದು ಹರಿದ ಪಟ್ಟಿಯಷ್ಟೇ ಆದೀತು. ಹೇಳಿದ ಅಜ್ಜಿ ಯಾರು, ನಾಟಿವೈದ್ಯ ಯಾರು, ಯಾವ ಹಿತ್ತಲು, ಯಾವ ಕಾಲದಲ್ಲಿ ಕೀಳುತ್ತಾರೆ, ಯಾವ ಪಥ್ಯ, ಏನನ್ನು ಮಾಡಬಾರದು ಎಂಬುದೂ ಬೇಕು. ಅದಕ್ಕಿಂತ ಮೊದಲು, ಬರೆಯಬಹುದೇ ಎಂದು ಅವರನ್ನೇ ಕೇಳಬೇಕು. ಬರೆಯಬಾರದೆಂದು ಅವರು ಹೇಳಿದರೆ ಪುಸ್ತಕ ಮುಚ್ಚಬೇಕು. ಬರೆಯದಿದ್ದರೆ ಸಾಕ್ಷಿಯಿಲ್ಲ, ಬರೆದರೆ ಗುಟ್ಟಿಲ್ಲ. ಈ ಇಕ್ಕಟ್ಟನ್ನು ಬಿಡಿಸುವ ಹಕ್ಕು ಜ್ಞಾನ ಯಾರದೋ ಅವರದೇ.

ಅಮೆಜಾನಿನ ಆ ಹಿತ್ತಲಿನಲ್ಲಿ ಬಳ್ಳಿ ನೆಟ್ಟವನ ಹೆಸರು ಪೇಟೆಂಟಿನ ದಾಖಲೆಯಲ್ಲಿಲ್ಲ. ಇಲ್ಲಿನ ಹಿತ್ತಲುಗಳನ್ನು ಕಾಯುತ್ತಿರುವವರು ಇನ್ನೂ ಇದ್ದಾರೆ, ಕೆಲವರು ಈ ಸಭೆಯಲ್ಲೇ ಕುಳಿತಿದ್ದಾರೆ. ವಿದ್ಯಾರ್ಥಿಗಳು ಇಂದು ಮನೆಗೆ ಹೋಗುವ ಮುನ್ನ ಅವರಲ್ಲೊಬ್ಬರ ಬಳಿ ಕುಳಿತು ಒಂದು ಗಿಡದ ವಿಷಯವನ್ನಾದರೂ ಕೇಳಿ ತಿಳಿಯಬೇಕೆಂಬುದು ವಿನಂತಿ.